ಕರ್ನಾಟಕದ ಟಿಬೆಟಿಯನ್ ನೆಲೆಗಳಲ್ಲಿ ಶಿಕ್ಷಣ ಮತ್ತು ಸ್ವೀಕೃತಿಯ ಪ್ರಜ್ಞೆ

ವಲಸೆ ಬಂದ ಸಮುದಾಯವೊಂದು ಹೊಸ ನಾಡಿನಲ್ಲಿ ಬೇರೂರುವ ಬಗೆಯನ್ನು ಕುರಿತು ಒಂದು ನಂಬಿಕೆ ಸಾಮಾನ್ಯವಾಗಿ ಪ್ರಚಲಿತವಾಗಿದೆ. ಓದು ಹೆಚ್ಚಿದಂತೆ ನಾಡಿನ ಭಾಷೆ ತಿಳಿಯುತ್ತದೆ, ಉದ್ಯೋಗ ದೊರೆಯುತ್ತದೆ, ಸಂಪರ್ಕ ವಿಸ್ತರಿಸುತ್ತದೆ, ಕೊನೆಗೆ ತಾನೂ ಈ ನಾಡಿಗೆ ಸೇರಿದವನೆಂಬ ಭಾವ ನೆಲೆಗೊಳ್ಳುತ್ತದೆ ಎಂಬುದೇ ಆ ನಂಬಿಕೆ. ಆದರೆ ನೆದರ್ಲೆಂಡ್ಸ್ ಮೊದಲಾದ ಯುರೋಪಿನ ದೇಶಗಳಲ್ಲಿ ಕಳೆದ ಎರಡು ದಶಕಗಳಲ್ಲಿ ನಡೆದ ಸಮಾಜವಿಜ್ಞಾನದ ಅಧ್ಯಯನಗಳು ಇದಕ್ಕೆ ಪ್ರತಿಕೂಲವಾದ ಸಂಗತಿಯೊಂದನ್ನು ಮುಂದಿಟ್ಟಿವೆ. ಹೆಚ್ಚು ಓದಿದ ವಲಸಿಗರೇ ತಮ್ಮನ್ನು ಈ ಸಮಾಜ ಪೂರ್ಣವಾಗಿ ಒಪ್ಪಿಕೊಂಡಿಲ್ಲವೆಂದು ಹೇಳುವ ಸಂಭವ ಹೆಚ್ಚು. ಇದನ್ನು ಆ ವಿದ್ವಾಂಸರು ಬೆರೆಯುವಿಕೆಯ ವಿರೋಧಾಭಾಸವೆಂದು ಕರೆದಿದ್ದಾರೆ.

ಈ ವಿರೋಧಾಭಾಸವನ್ನು ಅರಿಯಲು ಕನ್ನಡನಾಡಿನೊಳಗೇ ಒಂದು ಮುಖ್ಯ ನಿದರ್ಶನವಿದೆ. 1960ರಿಂದೀಚೆಗೆ ಕರ್ನಾಟಕದ ಐದು ನೆಲೆಗಳಲ್ಲಿ ಬಾಳುತ್ತಿರುವ ಟಿಬೆಟಿಯನ್ ನಿರಾಶ್ರಿತರ ಮೂರು ತಲೆಮಾರುಗಳ ಶಿಕ್ಷಣದ ಚರಿತ್ರೆಯೇ ಆ ನಿದರ್ಶನ. ಅಕ್ಷರ ಅರಿಯದ ಬಹುಪಾಲು ರೈತರು ಮತ್ತು ಪಶುಪಾಲಕರಿಂದ ಕೂಡಿದ್ದ ಮೊದಲ ತಲೆಮಾರು ಸ್ವೀಕೃತಿಯನ್ನು ಯಾವ ಅಳತೆಗೋಲಿನಿಂದ ಅಳೆಯಿತು, ಶಾಲೆ ಕಲಿತ ತಲೆಮಾರುಗಳು ಯಾವ ಅಳತೆಗೋಲನ್ನು ಹಿಡಿದವು, ಆ ಬದಲಾವಣೆಯಲ್ಲಿ ಶಾಲೆಯ ಪಾಲೆಷ್ಟು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

1. ನೆಲ ಮತ್ತು ಕೃತಜ್ಞತೆ

1959ರ ಮಾರ್ಚ್‌ನಲ್ಲಿ ಹದಿನಾಲ್ಕನೆಯ ದಲಾಯಿ ಲಾಮಾ ಅವರು ಲ್ಹಾಸಾ ತೊರೆದು ಭಾರತಕ್ಕೆ ಬಂದರು. ಅವರನ್ನು ಹಿಂಬಾಲಿಸಿ ಸುಮಾರು 80,000 ಜನ ಹಿಮಾಲಯ ದಾಟಿದರು. ಇವರಲ್ಲಿ ಅನೇಕರು ಮೊದಲಿಗೆ ಹಿಮಾಲಯದ ತಪ್ಪಲಿನ ರಸ್ತೆ ಕಾಮಗಾರಿಗಳಲ್ಲಿ ಕೂಲಿಗಳಾಗಿ ದುಡಿದರು. ಇವರಿಗೆ ನೆಲೆ ಒದಗಿಸಬೇಕೆಂಬ ಜವಾಹರಲಾಲ್ ನೆಹರೂ ಅವರ ಕೋರಿಕೆಗೆ ಓಗೊಟ್ಟ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯವೇ ಮುಂಚೂಣಿಯಲ್ಲಿತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಅರಣ್ಯಭೂಮಿಯಲ್ಲಿ 1960ರ ಕೊನೆಯಲ್ಲಿ ಮೊದಲ ನೆಲೆ ಆರಂಭವಾಯಿತು. 1966ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ, 1969ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯದಾಗಿ, 1970ರ ದಶಕದ ಪೂರ್ವಾರ್ಧದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಮತ್ತು ಅಂದು ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಒಡೆಯರಪಾಳ್ಯದಲ್ಲಿ ಉಳಿದ ನೆಲೆಗಳು ರೂಪುಗೊಂಡವು. ಈ ಪುನರ್ವಸತಿ ಕಾರ್ಯಕ್ಕೆಂದೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ.

ತಂಪು ಪ್ರಸ್ಥಭೂಮಿಯ ಜನರಿಗೆ ಈ ಬಯಲುಸೀಮೆಯ ಅಂಚಿನ ಕಾಡು ಸುಲಭದ್ದಾಗಿರಲಿಲ್ಲ. ಬಿಸಿಲಿನ ಬೇಗೆ, ಕಾಯಿಲೆ, ಮರ ಕಡಿಯುವಾಗಿನ ಅವಘಡ, ಆನೆಗಳ ಹಾವಳಿ ಇವುಗಳಿಂದ ಆರಂಭದ ವರ್ಷಗಳಲ್ಲಿ ಸಾವುನೋವು ಸಂಭವಿಸಿದವು. ಬಾರ್ಲಿ ಬಿತ್ತಿ ಬಲ್ಲವರು ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಆ ಕಲಿಕೆಯಲ್ಲಿ ಗುರುಗಳಾದವರು ಸುತ್ತಲಿನ ಹಳ್ಳಿಗಳ ಒಕ್ಕಲಿಗರು ಮತ್ತು ಕೂಲಿಯಾಳುಗಳು.

ಈ ತಲೆಮಾರಿನ ಸ್ವೀಕೃತಿಯ ಪ್ರಜ್ಞೆ ಕೃತಜ್ಞತೆಯ ರೂಪದಲ್ಲಿತ್ತು ಎಂಬುದಕ್ಕೆ ಸಮುದಾಯದ ಸ್ಮೃತಿಯೇ ಸಾಕ್ಷಿ. ಬೈಲಕುಪ್ಪೆಯ ನೆಲೆ ಆರಂಭವಾದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಎಸ್. ನಿಜಲಿಂಗಪ್ಪನವರು 1962ರಲ್ಲಿ ಮತ್ತೆ ಆ ಸ್ಥಾನಕ್ಕೆ ಬಂದು 1968ರವರೆಗೆ ಅಧಿಕಾರದಲ್ಲಿದ್ದರು. ಆದರೆ ಟಿಬೆಟಿಯನ್ನರ ನೆನಪಿನಲ್ಲಿ ಭೂಮಿ ಕೊಟ್ಟ ದಾನಿಯಾಗಿ ನಿಂತಿರುವ ಹೆಸರು ನಿಜಲಿಂಗಪ್ಪನವರದು. 2018ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಕರ್ನಾಟಕಕ್ಕೆ ಕೃತಜ್ಞತೆ ಸಲ್ಲಿಸುವ ಸಮಾರಂಭದಲ್ಲಿಯೂ ದಲಾಯಿ ಲಾಮಾ ಅವರು ಸ್ಮರಿಸಿದ್ದು ಅವರನ್ನೇ. ಹಲವು ಸರ್ಕಾರಗಳು, ಹಲವು ವರ್ಷಗಳ ಆದೇಶಗಳು, ಹಲವು ನೆಲೆಗಳು ಇವೆಲ್ಲವನ್ನು ಒಬ್ಬ ವ್ಯಕ್ತಿಯ ಔದಾರ್ಯದಲ್ಲಿ ಕೂಡಿಸಿ ನೆನೆಯುವುದು ಮೌಖಿಕ ಸ್ಮೃತಿಯ ಪ್ರಸಿದ್ಧ ಲಕ್ಷಣ. ದಾನ ಕೊಟ್ಟವನು ಒಬ್ಬನಾಗಿ ಕಂಡಾಗ ಋಣವೂ ಮೂರ್ತವಾಗುತ್ತದೆ. ಋಣದ ಭಾಷೆಯಲ್ಲಿ ಮಾತನಾಡುವವರು ಹಕ್ಕಿನ ಪ್ರಶ್ನೆಯನ್ನು ಎತ್ತುವುದಿಲ್ಲ. ತಲೆಗೆ ಸುಮಾರು ಒಂದೆಕರೆಯಂತೆ ಉಳಲು ಸಿಕ್ಕ ಆ ಭೂಮಿಯ ಒಡೆತನ ತಮ್ಮದಲ್ಲವೆಂಬುದು ಅವರಿಗೆ ತಿಳಿದಿತ್ತು. ಆದರೂ ಉಳುವ ನೆಲ, ಬೆಳೆ ಕೊಳ್ಳುವ ಪೇಟೆ, ಮಾತನಾಡಿಸುವ ನೆರೆಯವರು ಇದ್ದುದೇ ಅವರಿಗೆ ಸ್ವೀಕೃತಿಯ ಪ್ರಮಾಣವಾಗಿತ್ತು.

2. ಪ್ರತ್ಯೇಕ ಶಾಲೆಯ ಎರಡು ಉದ್ದೇಶ

ದೊಡ್ಡವರಿಗೆ ಹೊಲ, ಮಕ್ಕಳಿಗೆ ಶಾಲೆ ಎಂಬುದು ಟಿಬೆಟಿಯನ್ ಪುನರ್ವಸತಿಯ ಮೂಲ ಕಲ್ಪನೆ. 1960ರ ಮಾರ್ಚ್‌ನಲ್ಲಿ ಮಸ್ಸೂರಿಯಲ್ಲಿ 50 ವಿದ್ಯಾರ್ಥಿಗಳೊಡನೆ ಮೊದಲ ಶಾಲೆ ತೆರೆಯಿತು. 1961ರಲ್ಲಿ ಭಾರತ ಸರ್ಕಾರದ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಟಿಬೆಟಿಯನ್ ಶಾಲೆಗಳಿಗಾಗಿಯೇ ಒಂದು ಸ್ವಾಯತ್ತ ಸಂಸ್ಥೆ ಸ್ಥಾಪಿತವಾಯಿತು. ಅದೇ ಮುಂದೆ ಕೇಂದ್ರೀಯ ಟಿಬೆಟಿಯನ್ ಶಾಲಾ ಆಡಳಿತವೆಂದು ಹೆಸರಾಯಿತು. ಕರ್ನಾಟಕದ ನೆಲೆಗಳಲ್ಲಿನ ಶಾಲೆಗಳು ಬಹುಕಾಲ ಇದರ ಆಡಳಿತದಲ್ಲಿದ್ದವು. ಇದಲ್ಲದೆ ಧರ್ಮಶಾಲೆಯಲ್ಲಿ ಹುಟ್ಟಿದ ಟಿಬೆಟಿಯನ್ ಮಕ್ಕಳ ಗ್ರಾಮವೆಂಬ ಸಂಸ್ಥೆಯೂ ಬೈಲಕುಪ್ಪೆಯಲ್ಲಿ ವಸತಿ ಶಾಲೆಯನ್ನು ಕಟ್ಟಿತು.

ಟಿಬೆಟಿಯನ್ ಮಕ್ಕಳನ್ನು ಊರಿನ ಸರ್ಕಾರಿ ಶಾಲೆಗಳಿಗೆ ಸೇರಿಸದೆ ಪ್ರತ್ಯೇಕ ಶಾಲೆಗಳನ್ನು ತೆರೆಯಬೇಕೆಂಬುದು ನೆಹರೂ ಅವರ ಅಭಿಪ್ರಾಯವೂ ಆಗಿತ್ತು. ತಮ್ಮ ಭಾಷೆ, ಧರ್ಮ, ಚರಿತ್ರೆಗಳನ್ನು ಅವರು ಕಳೆದುಕೊಳ್ಳಬಾರದು. ಅದರ ಜೊತೆಗೆ ಇಂಗ್ಲಿಷಿನ ಮೂಲಕ ಆಧುನಿಕ ವಿದ್ಯೆಯನ್ನೂ ಪಡೆಯಬೇಕು ಎಂಬುದು ಅದರ ಹಿಂದಿನ ಆಶಯ. ಒಂದು ರಾಷ್ಟ್ರ ತನ್ನ ಆಶ್ರಯಕ್ಕೆ ಬಂದವರ ಸಂಸ್ಕೃತಿಯನ್ನು ಉಳಿಸಲು ತನ್ನ ಬೊಕ್ಕಸದಿಂದಲೇ ಶಾಲೆ ನಡೆಸಿದ ಈ ಸಂಗತಿ ಜಗತ್ತಿನ ನಿರಾಶ್ರಿತರ ಚರಿತ್ರೆಯಲ್ಲಿ ಅಪರೂಪವಾದುದು.

ಆದರೆ ಈ ಶಾಲೆಯ ಎರಡು ಉದ್ದೇಶಗಳು ಒಂದೇ ದಿಕ್ಕಿನಲ್ಲಿ ಸಾಗುವಂಥವಲ್ಲ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ ಪಠ್ಯಕ್ರಮ ಮಗುವನ್ನು ಭಾರತದ ಕಾಲೇಜು ಮತ್ತು ಉದ್ಯೋಗಗಳಿಗೆ ಸಿದ್ಧಗೊಳಿಸಿತು. ಅದೇ ಶಾಲೆಯ ಟಿಬೆಟಿಯನ್ ಭಾಷೆ ಮತ್ತು ಚರಿತ್ರೆಯ ಪಾಠ, ಮಾರ್ಚ್ 10ರ ದಂಗೆಯ ಸ್ಮರಣೆ, ಟಿಬೆಟಿಯನ್ ರಾಷ್ಟ್ರಗೀತೆ ಇವು ಮಗುವಿಗೆ ಅದು ಎಂದೂ ಕಾಣದ ‘ಫಾಯುಲ್’ ಅಂದರೆ ತಂದೆಯ ನಾಡು ಒಂದಿದೆಯೆಂದು, ಅಲ್ಲಿಗೆ ಮರಳುವುದೇ ಗುರಿಯೆಂದು ಬೋಧಿಸಿದವು. 1980ರ ದಶಕದ ನಡುವಿನಿಂದ ಪ್ರಾಥಮಿಕ ತರಗತಿಗಳಲ್ಲಿ ಟಿಬೆಟಿಯನ್ ಮಾಧ್ಯಮ ಬರತೊಡಗಿತು. ದೇಶಭ್ರಷ್ಟ ಆಡಳಿತವು 2004ರಲ್ಲಿ ಅಂಗೀಕರಿಸಿದ ಮೂಲ ಶಿಕ್ಷಣ ನೀತಿ ಈ ಒಲವನ್ನು ಇನ್ನಷ್ಟು ಗಟ್ಟಿಗೊಳಿಸಿತು. ಹೀಗೆ ಇಲ್ಲಿ ಬದುಕಲು ಬೇಕಾದ ಸಾಮರ್ಥ್ಯವನ್ನೂ ಇಲ್ಲಿ ನೆಲೆಗೊಳ್ಳಬಾರದೆಂಬ ಕಾರಣವನ್ನೂ ಒಂದೇ ಶಾಲೆ ಒಂದೇ ಮಗುವಿಗೆ ನೀಡಿತು.

3. ಶಾಲೆಯ ಹೊರಗೆ ಕಲಿತ ಕನ್ನಡ

ಈ ಶಾಲೆಗಳ ಭಾಷಾವ್ಯವಸ್ಥೆಯಲ್ಲಿ ಟಿಬೆಟಿಯನ್, ಇಂಗ್ಲಿಷ್, ಹಿಂದಿಗಳಿಗೆ ಸ್ಥಾನವಿತ್ತು. ಕನ್ನಡವು ಬಹುಕಾಲ ಶಾಲೆಯ ಬೇಲಿಯ ಹೊರಗೇ ಉಳಿಯಿತು. ಹಿಮಾಚಲದಿಂದ ಕರ್ನಾಟಕದವರೆಗೆ ಹರಡಿದ ಶಾಲೆಗಳಿಗೆ ಒಂದೇ ಪಠ್ಯಕ್ರಮ ಇರಬೇಕಾದ ಅನಿವಾರ್ಯತೆ ಇದಕ್ಕೆ ಕಾರಣ. ಒಂದು ನೆಲೆಯಿಂದ ಇನ್ನೊಂದು ನೆಲೆಯ ವಸತಿ ಶಾಲೆಗೆ ಮಕ್ಕಳು ವರ್ಗವಾಗುವುದು ಸಾಮಾನ್ಯವಾಗಿದ್ದುದರಿಂದ ಪ್ರಾಂತಭಾಷೆಯ ಕಲಿಕೆ ಆ ವ್ಯವಸ್ಥೆಗೆ ಹೊಂದುವಂತಿರಲಿಲ್ಲ.

ಇದರಿಂದಾಗಿ ಟಿಬೆಟಿಯನ್ನರ ಕನ್ನಡ ಪೂರ್ಣವಾಗಿ ಮೌಖಿಕ ಪರಂಪರೆಯ ಕನ್ನಡವಾಯಿತು. ಹೊಲದ ಬದುವಿನಲ್ಲಿ, ಕುಶಾಲನಗರದ ಸಂತೆಯಲ್ಲಿ, ಬಸ್ಸಿನಲ್ಲಿ, ಟ್ರ್ಯಾಕ್ಟರ್ ರಿಪೇರಿಯ ಅಂಗಡಿಯಲ್ಲಿ ಅದು ಕಿವಿಯಿಂದ ಬಾಯಿಗೆ ಬಂದಿತು. ಬೈಲಕುಪ್ಪೆಯವರು ಮುಸುಕಿನ ಜೋಳವೆನ್ನುವ ಬೆಳೆಗೆ ಮುಂಡಗೋಡ ಸೀಮೆಯಲ್ಲಿ ಗೋವಿನಜೋಳವೆಂಬ ಹೆಸರಿದೆ. ಒಂದೇ ಸಮುದಾಯ ನೆಲೆಯಿಂದ ನೆಲೆಗೆ ಬೇರೆಬೇರೆ ಕನ್ನಡದ ನಡುವೆ ಬಾಳಿತು. ಈ ಕಲಿಕೆ ಏಕಮುಖವೂ ಆಗಿರಲಿಲ್ಲ. ಟಿಬೆಟಿಯನ್ನರ ಹೊಲ, ಮನೆ, ಮಠದ ಅಡುಗೆಮನೆಗಳಲ್ಲಿ ದುಡಿಯುವ ಸುತ್ತಲಿನ ಹಳ್ಳಿಗರಲ್ಲಿ ಟಿಬೆಟಿಯನ್ ಮಾತನಾಡಬಲ್ಲವರು ಇದ್ದಾರೆ. ಯಾವ ಶಾಲೆಯೂ ಕಲಿಸದೆ ನಡೆದ ಈ ಭಾಷಾವಿನಿಮಯವೇ ನೆರೆಹೊರೆಯ ಸ್ವೀಕೃತಿಯ ಬುನಾದಿ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಶಾಲೆಯ ಓದು ಹೆಚ್ಚಿದಂತೆ ಈ ಮೌಖಿಕ ಕನ್ನಡದ ಅವಕಾಶ ಕುಗ್ಗಿತು ಎಂಬುದು. ವಸತಿ ಶಾಲೆಯಲ್ಲಿ ಬೆಳೆದ ಮಗು ಹೊಲಕ್ಕಾಗಲಿ ಸಂತೆಗಾಗಲಿ ಹೋಗುವುದು ರಜೆಯಲ್ಲಿ ಮಾತ್ರ. ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರುವ ವ್ಯಾಪಾರಕ್ಕೆ ಹಿರಿಯರು ಹೊರಟಾಗ ಅವರಿಗೆ ಆಯಾ ಊರಿನ ಗಿರಾಕಿಗಳ ಮಾತೇ ಪಾಠಶಾಲೆಯಾಗುತ್ತಿತ್ತು. ಪದವಿ ಪಡೆದ ಮಕ್ಕಳು ಆ ವ್ಯಾಪಾರದಿಂದ ದೂರ ಸರಿದಂತೆಲ್ಲ ಹೊಲಗಳನ್ನು ಊರಿನ ರೈತರಿಗೆ ಗುತ್ತಿಗೆಗೆ ಕೊಡುವ ಪದ್ಧತಿಯೂ ಬೆಳೆಯಿತು. ಶಾಲೆಯ ಹಿಂದಿ ಮತ್ತು ಇಂಗ್ಲಿಷ್ ಅವರನ್ನು ದೆಹಲಿಗೂ ವಿದೇಶಕ್ಕೂ ಹತ್ತಿರ ತಂದವು; ಮೂರು ಮೈಲಿ ಆಚೆಯ ಹಳ್ಳಿ ಅದೇ ಪ್ರಮಾಣದಲ್ಲಿ ದೂರವಾಯಿತು. ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಲು 2015ರಲ್ಲಿ ಕರ್ನಾಟಕ ಕಾಯ್ದೆ ಮಾಡಿದಾಗ ಬೈಲಕುಪ್ಪೆಯ ಮೊದಲ ನೆಲೆಗೆ ಐವತ್ತೈದು ವರ್ಷ ತುಂಬುತ್ತ ಬಂದಿತ್ತು.

ನೆಲೆಗಳ ಹೆಸರುಗಳಲ್ಲಿಯೂ ಈ ದೂರ ದಾಖಲಾಗಿದೆ. ಬೈಲಕುಪ್ಪೆಯ ಮೊದಲ ನೆಲೆಯ ಅಧಿಕೃತ ಹೆಸರು ಲುಗ್‌ಸುಂಗ್ ಸಮ್‌ಡುಪ್ಲಿಂಗ್, ಮುಂಡಗೋಡದ್ದು ಡೋಗುಲಿಂಗ್. ಊರವರ ಬಾಯಲ್ಲಿ ಅವು ‘ಟಿಬೆಟ್ ಕ್ಯಾಂಪು’ಗಳು, ಒಳಗಿನ ಹಳ್ಳಿಗಳು ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು ಎಂಬ ಸಂಖ್ಯೆಗಳು. ಟಿಬೆಟಿಯನ್ನರೂ ದಿನಬಳಕೆಯಲ್ಲಿ ಈ ಹೆಸರನ್ನೇ ಬಳಸುತ್ತಾರೆ. ಕ್ಯಾಂಪು ಎಂದರೆ ತಂಗುದಾಣ. ಆರು ದಶಕಗಳ ಬಾಳಿನ ಮೇಲೂ ಈ ಪದ ಬದಲಾಗದಿರುವುದು ಎರಡೂ ಕಡೆಯವರ ಮನಸ್ಸಿನಲ್ಲಿ ಉಳಿದ ತಾತ್ಕಾಲಿಕತೆಯನ್ನು ಸೂಚಿಸುತ್ತದೆ.

4. ಮಠದ ವಿದ್ಯೆ ಮತ್ತು ಗುರುಭೂಮಿಯ ಕಲ್ಪನೆ

ಶಾಲೆಗೆ ಸಮಾನಾಂತರವಾಗಿ ಬೆಳೆದ ಇನ್ನೊಂದು ವಿದ್ಯಾಪರಂಪರೆ ಮಠಗಳದು. ಪೆನೋರ್ ರಿಂಪೋಚೆ ಅವರು 1963ರಲ್ಲಿ ಬೈಲಕುಪ್ಪೆಯಲ್ಲಿ ನಾಮ್‌ಡ್ರೋಲಿಂಗ್ ಮಠವನ್ನು ಆರಂಭಿಸಿದರು. ಬಂಗಾಳದ ಬಕ್ಸಾದ್ವಾರದ ಶಿಬಿರದಲ್ಲಿದ್ದ ಭಿಕ್ಷುಗಳು 1970ರ ಹೊತ್ತಿಗೆ ಕರ್ನಾಟಕಕ್ಕೆ ಬಂದು ಬೈಲಕುಪ್ಪೆಯಲ್ಲಿ ಸೆರಾ, ಮುಂಡಗೋಡದಲ್ಲಿ ಡ್ರೆಪುಂಗ್ ಮತ್ತು ಗಾಂಡೆನ್ ಮಹಾವಿಹಾರಗಳನ್ನು ಮರುಸ್ಥಾಪಿಸಿದರು. ಲ್ಹಾಸಾ ಸುತ್ತಲಿನ ಮೂರು ಪ್ರಧಾನ ವಿದ್ಯಾಪೀಠಗಳು ಹೀಗೆ ಕನ್ನಡನಾಡಿನಲ್ಲಿ ಮುಂದುವರಿದವು. ಲಡಾಖ್, ಅರುಣಾಚಲ, ಸಿಕ್ಕಿಂ, ನೇಪಾಳ, ಭೂತಾನಗಳಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ.

ಮಠದ ವಿದ್ಯೆ ಸ್ವೀಕೃತಿಯ ಪ್ರಶ್ನೆಗೆ ಬೇರೊಂದು ಉತ್ತರ ಕೊಟ್ಟಿತು. ನಾಗಾರ್ಜುನ, ಧರ್ಮಕೀರ್ತಿ, ಚಂದ್ರಕೀರ್ತಿ, ಶಾಂತಿದೇವರ ಗ್ರಂಥಗಳೇ ಅಲ್ಲಿನ ಅಧ್ಯಯನದ ತಳಹದಿ. ವರ್ಷಗಟ್ಟಲೆ ಈ ಗ್ರಂಥಗಳ ಮೇಲೆ ವಾದ ನಡೆಸಿ ಗೆಶೆ ಪದವಿಗೆ ಸಿದ್ಧನಾಗುವ ಭಿಕ್ಷುವಿಗೆ ಭಾರತ ಪರದೇಶವಲ್ಲ; ಅದು ಬುದ್ಧನ ನೆಲ, ತನ್ನ ಶಾಸ್ತ್ರದ ತವರು. ಭಾರತ ಗುರು, ಟಿಬೆಟ್ ಶಿಷ್ಯ ಎಂದು ದಲಾಯಿ ಲಾಮಾ ಅವರು ಮತ್ತೆ ಮತ್ತೆ ಹೇಳುವುದರ ಹಿನ್ನೆಲೆಯೂ ಇದೇ. ಏಳನೆಯ ಶತಮಾನದಲ್ಲಿ ಥೋನ್ಮಿ ಸಂಭೋಟ ಭಾರತಕ್ಕೆ ಬಂದು ಲಿಪಿಶಾಸ್ತ್ರ ಕಲಿತು ಟಿಬೆಟಿಯನ್ ಲಿಪಿಯನ್ನು ರೂಪಿಸಿದನೆಂಬ ಐತಿಹ್ಯವನ್ನು ಶಾಲೆಯ ಮಗುವೂ ಬಲ್ಲದು. ಟಿಬೆಟಿಯನ್ ವರ್ಣಮಾಲೆಯ ಕ, ಖ, ಗ, ಙ ಎಂಬ ಆರಂಭ ಕನ್ನಡ ಮಗುವಿನ ಕ, ಖ, ಗ, ಘ, ಙಕ್ಕೆ ಸೋದರ. ಎರಡೂ ಲಿಪಿಗಳ ಮೂಲ ಬ್ರಾಹ್ಮಿ.

ಆದರೆ ಈ ಪಾಠದ ಭಾರತ ನಾಲಂದೆಯ ಭಾರತ. ಪಿರಿಯಾಪಟ್ಟಣದ ಜಾತ್ರೆಯಾಗಲಿ, ಬನವಾಸಿಯ ಪರಿಸರದ ಬೌದ್ಧ ಅವಶೇಷಗಳಾಗಲಿ, ಸನ್ನತಿಯ ಸ್ತೂಪವಾಗಲಿ ಅದರಲ್ಲಿ ಪ್ರಧಾನವಲ್ಲ. ಅತ್ತ ಕನ್ನಡಿಗರಿಗೆ ನಾಮ್‌ಡ್ರೋಲಿಂಗ್‌ನ ಚಿನ್ನದ ಬಣ್ಣದ ಬುದ್ಧಮೂರ್ತಿಗಳ ಗುಡಿ ಶಾಲಾಮಕ್ಕಳ ಪ್ರವಾಸದ ತಾಣ. ವಿದ್ಯೆಯ ಕೇಂದ್ರವಾಗಿ ಆ ಮಠಗಳನ್ನು ಅರಿತ ಕನ್ನಡಿಗರು ವಿರಳ. ಪರಸ್ಪರ ಗೌರವವಿದ್ದೂ ಪರಸ್ಪರ ತಿಳಿವಳಿಕೆ ಬೆಳೆಯದ ಸ್ಥಿತಿ ಇದು.

5. ಕಾಗದದ ಪ್ರಶ್ನೆ

ಮೊದಲ ತಲೆಮಾರಿನವರೂ ಕಾನೂನಿನ ದೃಷ್ಟಿಯಲ್ಲಿ ವಿದೇಶಿಯರೇ ಆಗಿದ್ದರು. ಜನರ ಬಾಯಲ್ಲಿ ‘ಆರ್‌ಸಿ’ ಎನಿಸಿದ ನೋಂದಣಿ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕಿತ್ತು. ಆದರೆ ಹೊಲ ಬಿಟ್ಟು ಹೆಚ್ಚು ದೂರ ಹೋಗದ ರೈತನಿಗೆ ಅದು ವರ್ಷಕ್ಕೊಮ್ಮೆ ಬರುವ ಕೆಲಸ. ಕಾಲೇಜಿಗೆ ಅರ್ಜಿ ಹಾಕುವ, ಬಾಡಿಗೆ ಮನೆ ಹುಡುಕುವ, ಬ್ಯಾಂಕಿನಲ್ಲಿ ಸಾಲ ಕೇಳುವ, ವಿದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಹಳದಿ ರಕ್ಷಾಕವಚದ ಗುರುತಿನ ಪ್ರಮಾಣಪತ್ರ ಹಿಡಿದು ನಿಲ್ಲುವ ವಿದ್ಯಾವಂತನಿಗೆ ಅದು ಹೆಜ್ಜೆಹೆಜ್ಜೆಗೂ ಎದುರಾಗುವ ಪ್ರಶ್ನೆ. ಸರ್ಕಾರಿ ಉದ್ಯೋಗದ ಅರ್ಜಿ ಪೌರತ್ವದ ಕಲಮಿನಲ್ಲಿಯೇ ನಿಂತುಹೋಗುತ್ತಿತ್ತು. ಅರ್ಜಿ ತುಂಬಲು ಬಲ್ಲವನಿಗೆ ಮಾತ್ರ ಅರ್ಜಿಯ ಖಾಲಿ ಕಲಮು ಕಾಣುತ್ತದೆ.

ಪೌರತ್ವದ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದವರು ಇಂಥ ತಲೆಮಾರಿನವರೇ. 1955ರ ಪೌರತ್ವ ಕಾಯ್ದೆ ಮತ್ತು ಅದರ 1986ರ ತಿದ್ದುಪಡಿಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಜನಿಸಿದವರು ಜನ್ಮತಃ ಪ್ರಜೆಗಳು. 2010ರ ಡಿಸೆಂಬರ್‌ನಲ್ಲಿ ನಾಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆಂದು ತೀರ್ಪಿತ್ತಿತು. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದೇ ನಿಲುವನ್ನು ತಳೆಯಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಇದರ ಪರಿಣಾಮ ವಿಚಿತ್ರವಾಗಿತ್ತು. ಟಿಬೆಟ್‌ನಲ್ಲಿ ಹುಟ್ಟಿದ ತಂದೆತಾಯಿಗೆ 1986ರಲ್ಲಿ ಇಲ್ಲಿ ಜನಿಸಿದ ಅಕ್ಕ ಭಾರತದ ಪ್ರಜೆ. 1988ರಲ್ಲಿ ಜನಿಸಿದ ತಮ್ಮ ವಿದೇಶಿ. ಒಂದೇ ಮನೆ, ಒಂದೇ ಶಾಲೆ, ಒಂದೇ ಪಠ್ಯಪುಸ್ತಕ. ಸ್ವೀಕೃತಿ ಮಾತ್ರ ಬೇರೆ.

2014ರ ಟಿಬೆಟಿಯನ್ ಪುನರ್ವಸತಿ ನೀತಿಯು ಭೂಮಿಯ ಗುತ್ತಿಗೆ, ಸರ್ಕಾರಿ ಯೋಜನೆಗಳ ಪ್ರಯೋಜನ, ಅರ್ಹತೆಗೆ ತಕ್ಕ ವೃತ್ತಿಯ ಅವಕಾಶ ಇವುಗಳಿಗೆ ದಾರಿ ತೋರಿತು. ಆದರೆ 2017ರಲ್ಲಿ ವಿದೇಶಾಂಗ ಸಚಿವಾಲಯವು ಪಾಸ್‌ಪೋರ್ಟ್ ಬಯಸುವ ಟಿಬೆಟಿಯನ್ನರು ತಮ್ಮ ನೋಂದಣಿ ಪತ್ರ ಮತ್ತು ಗುರುತಿನ ಪತ್ರಗಳನ್ನು ಒಪ್ಪಿಸಬೇಕು, ನಿಗದಿತ ನೆಲೆಗಳಲ್ಲಿ ವಾಸಿಸಬಾರದು, ದೇಶಭ್ರಷ್ಟ ಆಡಳಿತದ ಸವಲತ್ತುಗಳನ್ನು ಬಿಡಬೇಕು ಎಂಬ ಷರತ್ತುಗಳನ್ನು ಹಾಕಿತು. ದೇಶ ಒಪ್ಪಿಕೊಳ್ಳಬೇಕಾದರೆ ಊರು ಬಿಡಬೇಕೆಂಬುದೇ ಅದರ ತಾತ್ಪರ್ಯವಾಗಿತ್ತು. ಅರ್ಹತೆಯಿದ್ದೂ ಪೌರತ್ವ ಬಯಸದವರೂ ಅನೇಕರಿದ್ದಾರೆ. ನಿರಾಶ್ರಿತನಾಗಿ ಉಳಿಯುವುದೇ ಟಿಬೆಟ್‌ನ ಪ್ರಶ್ನೆಯನ್ನು ಜೀವಂತವಾಗಿಡುವ ಬಗೆಯೆಂಬುದು ಅವರ ನಿಲುವು. ಪೌರತ್ವ ಕೇಳುವ ವಾದವನ್ನೂ ನಿರಾಕರಿಸುವ ವಾದವನ್ನೂ ಕಲಿಸಿದ್ದು ಅದೇ ಶಾಲೆ. ವಿದೇಶಿಯರ ನೋಂದಣಿಯ ಹಳೆಯ ಕಾಯ್ದೆಗಳ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂದಿದ್ದರೂ ಈ ಮೂಲಪ್ರಶ್ನೆ ಉಳಿದೇ ಇದೆ.

6. ನಗರದಲ್ಲಿ ಅಪರಿಚಿತರು

1990ರ ದಶಕದ ನಂತರ ವಿದ್ಯಾವಂತ ಟಿಬೆಟಿಯನ್ ಯುವಜನ ಮೈಸೂರು, ಬೆಂಗಳೂರುಗಳತ್ತ ಹೊರಟರು. ಆಸ್ಪತ್ರೆಗಳಲ್ಲಿ ದಾದಿಯರಾಗಿ, ಕಾಲ್ ಸೆಂಟರುಗಳಲ್ಲಿ, ಹೋಟೆಲುಗಳಲ್ಲಿ ಅವರು ಕೆಲಸಕ್ಕೆ ಸೇರಿದರು. ಬೆಂಗಳೂರಿನ ಹೊರವಲಯದ ಶೇಷಗಿರಿಹಳ್ಳಿಯಲ್ಲಿ ಅವರಿಗಾಗಿ ದಲಾಯಿ ಲಾಮಾ ಉನ್ನತ ಶಿಕ್ಷಣ ಸಂಸ್ಥೆಯೂ ತಲೆಯೆತ್ತಿತು. ಬೈಲಕುಪ್ಪೆಯ ಸಂತೆಯಲ್ಲಿ ಟಿಬೆಟಿಯನ್ ಎಂದರೆ ಪರಿಚಿತ ಮುಖ. ಇಂಥ ಕ್ಯಾಂಪಿನ ಇಂಥವರ ಮಗನೆಂಬ ಗುರುತು ಅಲ್ಲಿದೆ. ನಗರದಲ್ಲಿ ಅದೇ ಮುಖ ನೇಪಾಳದ್ದೋ ಈಶಾನ್ಯದ್ದೋ ಚೀನದ್ದೋ ಎಂಬ ಪ್ರಶ್ನೆಗೆ ಗುರಿಯಾಯಿತು. 2012ರ ಆಗಸ್ಟ್‌ನಲ್ಲಿ ವದಂತಿಗಳಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ತೊರೆದ ದಿನಗಳಲ್ಲಿಯೇ ಮೈಸೂರಿನಲ್ಲಿ ಟಿಬೆಟಿಯನ್ ವಿದ್ಯಾರ್ಥಿಯೊಬ್ಬ ಚೂರಿ ಇರಿತಕ್ಕೆ ಒಳಗಾದ. ಓದು ಅವನನ್ನು ಪರಿಚಿತರ ನಡುವಿನಿಂದ ಅಪರಿಚಿತರ ನಡುವೆ ತಂದು ನಿಲ್ಲಿಸಿತ್ತು. ಹೆಚ್ಚು ಓದಿದವರೇ ಹೆಚ್ಚು ತಿರಸ್ಕಾರವನ್ನು ಅನುಭವಿಸುತ್ತಾರೆಂಬ ವಿರೋಧಾಭಾಸಕ್ಕೆ ಇದೊಂದು ಸರಳ ಕಾರಣ: ನೆರೆಹೊರೆಯ ರಕ್ಷಣೆಯಿಂದ ಹೊರಗೆ ಹೆಜ್ಜೆ ಇಡುವವರು ಅವರೇ.

ಇದರ ಮುಂದಿನ ಹಂತ ಇನ್ನೊಂದು ವಲಸೆ. ಅಮೆರಿಕದ 1990ರ ವಲಸೆ ಕಾಯ್ದೆಯು ಭಾರತ ಮತ್ತು ನೇಪಾಳದಲ್ಲಿದ್ದ 1,000 ಟಿಬೆಟಿಯನ್ನರಿಗೆ ಅವಕಾಶ ಕೊಟ್ಟಿತು. ಅವರ ಹಿಂದೆ ಕುಟುಂಬಗಳು ಹೋದವು. ಕೆನಡಾ, ಯುರೋಪುಗಳಿಗೂ ದಾರಿಗಳು ತೆರೆದವು. 2009ರಲ್ಲಿ ದೇಶಭ್ರಷ್ಟ ಆಡಳಿತ ನಡೆಸಿದ ಜನಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟಿಯನ್ನರು 94,203. ಆ ಬಳಿಕ ಈ ಸಂಖ್ಯೆ ಇಳಿಮುಖವಾಗಿದೆ. 2010ರ ದಶಕದಲ್ಲಿ ಕೇಂದ್ರ ಸರ್ಕಾರದ ಟಿಬೆಟಿಯನ್ ಶಾಲೆಗಳು ಹಂತಹಂತವಾಗಿ ದೇಶಭ್ರಷ್ಟ ಆಡಳಿತದ ಶಿಕ್ಷಣ ಇಲಾಖೆಗೆ ಹಸ್ತಾಂತರವಾದವು. ಮಕ್ಕಳ ಸಂಖ್ಯೆ ಕುಸಿದು ಶಾಲೆಗಳನ್ನು ಒಗ್ಗೂಡಿಸುವ ಸ್ಥಿತಿ ಬಂದಿದೆ. ಸಂಸ್ಕೃತಿಯನ್ನು ಉಳಿಸಲೆಂದು ಕಟ್ಟಿದ ಶಾಲೆ, ಆ ಸಂಸ್ಕೃತಿ ನೆಲೆಸಿದ ಹಳ್ಳಿಯಿಂದ ಮಕ್ಕಳು ಹೊರಡುವ ಬಾಗಿಲೂ ಆಯಿತು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಶಿಕ್ಷಣವು ಸ್ವೀಕೃತಿಯ ಭಾವವನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ ಎನ್ನುವುದಕ್ಕಿಂತ ಅದರ ಅಳತೆಗೋಲನ್ನೇ ಬದಲಿಸುತ್ತದೆ ಎನ್ನುವುದು ಸೂಕ್ತ. ಅಕ್ಷರವಿಲ್ಲದ ತಲೆಮಾರು ನೆರೆಯವರ ನಡವಳಿಕೆಯಿಂದ ಅದನ್ನು ಅಳೆಯಿತು. ಅಕ್ಷರಸ್ಥ ತಲೆಮಾರು ಕಾನೂನಿನ ಅಕ್ಷರದಿಂದ ಅಳೆಯುತ್ತದೆ. ಕೃತಜ್ಞತೆಯ ಭಾಷೆಯಿಂದ ಹಕ್ಕಿನ ಭಾಷೆಗೆ ಆದ ಈ ಪಲ್ಲಟವನ್ನು ಕೃತಘ್ನತೆಯೆಂದು ಭಾವಿಸುವುದು ತಪ್ಪಾಗುತ್ತದೆ. ಅದು ಶಿಕ್ಷಣ ಫಲಿಸಿದ ಗುರುತು.

ಎರಡನೆಯದಾಗಿ, ಯಾವ ಭಾಷೆಯ ಮೂಲಕ ಶಿಕ್ಷಣ ನಡೆಯುತ್ತದೆಯೋ ಆ ಭಾಷೆಯ ಲೋಕಕ್ಕೆ ಅದು ಸೇರಿಸುತ್ತದೆ. ಟಿಬೆಟಿಯನ್ ಮಕ್ಕಳ ತರಗತಿಯಲ್ಲಿ ಕನ್ನಡವಿಲ್ಲದೆ ಹೋದದ್ದರಿಂದ ಅವರಿಗೆ ಭಾರತ ದಕ್ಕಿದಷ್ಟು ಕರ್ನಾಟಕ ದಕ್ಕಲಿಲ್ಲ. ಹೊಲ ಮತ್ತು ಸಂತೆಯ ಮೌಖಿಕ ಕನ್ನಡ ಈ ಕೊರತೆಯನ್ನು ಒಂದು ತಲೆಮಾರಿನವರೆಗೆ ತುಂಬಿತು.

ಮೂರನೆಯದಾಗಿ, ಸ್ವೀಕೃತಿ ಎರಡು ಕಡೆಯವರ ಕಲಿಕೆ. ಬಂದವರು ಏನು ಕಲಿತರೆಂದು ಕೇಳುವಷ್ಟೇ ಗಂಭೀರವಾಗಿ ಇದ್ದವರು ಏನು ಕಲಿತರೆಂದೂ ಕೇಳಬೇಕಾಗುತ್ತದೆ. ಹೊಲದಲ್ಲಿ, ಅಡುಗೆಮನೆಯಲ್ಲಿ ಟಿಬೆಟಿಯನ್ ಕಲಿತ ಕನ್ನಡ ಕೂಲಿಕಾರರು ತಮ್ಮ ಪಾಲಿನ ಉತ್ತರವನ್ನು ಕೊಟ್ಟಿದ್ದಾರೆ. ಕನ್ನಡದ ವಿದ್ವತ್ತು ಇನ್ನೂ ಕೊಡಬೇಕಾಗಿದೆ. ಮೊದಲು ಕಾಡು ಕಡಿದ ಹಿರಿಯರು ವಿರಳವಾಗುತ್ತಿದ್ದಾರೆ. ಕಿರಿಯರು ದೂರದ ದೇಶಗಳಲ್ಲಿದ್ದಾರೆ. ಟಿಬೆಟಿಯನ್ನರು ಮೌಖಿಕವಾಗಿ ಕಟ್ಟಿಕೊಂಡ ಕನ್ನಡವನ್ನೂ, ಅದರೊಡನೆ ಉಳಿದಿರುವ ನೆರೆಹೊರೆಯ ನೆನಪುಗಳನ್ನೂ ಎರಡೂ ಭಾಷೆಗಳಲ್ಲಿ ದಾಖಲಿಸುವ ಕಾರ್ಯ ಇನ್ನು ತಡವಾಗುವಂತಿಲ್ಲ.